ದುಡ್ಡಿಗೆ ಕುರ್ಚಿ ಯಾಕೆ ಬೇಕು?

2024ರ ಜೂನ್ 4. ಲೋಕಸಭೆ ಚುನಾವಣೆಯ ಮತ ಎಣಿಕೆ. ಬೆಳಗ್ಗೆ ಆರರಿಂದ ಸ್ಟುಡಿಯೋದಲ್ಲಿ ನಿಂತಿದ್ದೆ, ಕಾಲು ಸೋತು ಹೋಗಿತ್ತು. ಸಂಜೆ ಹೊತ್ತಿಗೆ ಸ್ಕ್ರೀನ್ ಮೇಲೆ ದಾವಣಗೆರೆ ಬಂತು. ಕಾಂಗ್ರೆಸ್ಸಿನ ಡಾ. ಪ್ರಭಾ ಮಲ್ಲಿಕಾರ್ಜುನ್ ಗೆಲುವು, ಬಿಜೆಪಿಯ ಗಾಯತ್ರಿ ಸಿದ್ದೇಶ್ವರ ಸೋಲು, ಅಂತರ 26,094 ಮತ. ಪಕ್ಕದಲ್ಲಿದ್ದ ಸಹೋದ್ಯೋಗಿ, "ಇದು ನಿಮ್ಮೂರಲ್ವಾ, ಏನಂತೀರಿ?" ಅಂತ ಕೇಳಿದರು. ನನಗೆ ಇದ್ದದ್ದು ಹತ್ತು ಸೆಕೆಂಡ್. "ಎರಡು ಮನೆತನಗಳ ಹಣಾಹಣಿಯಲ್ಲಿ ಈ ಸಲ ಒಂದು ಮನೆತನ ಗೆದ್ದಿದೆ" ಅಂದೆ. ಅಷ್ಟರಲ್ಲಿ ಹಾಸನದ ಗ್ರಾಫಿಕ್ಸ್ ಬಂತು, ಆ ಕಡೆ ತಿರುಗಿದೆ.

ರಾತ್ರಿ ಹನ್ನೊಂದಕ್ಕೆ ವಿದ್ಯಾನಗರದಿಂದ ಅಮ್ಮನ ಫೋನ್. ಊಟ ಆಯ್ತಾ ಅಂತ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟು: "ಎರಡು ಮನೆತನ ಅಂದೆಯಲ್ಲೋ, ಈ ಊರಾಗೆ ಮತ್ತ್ಯಾರೂ ಇರಲಿಲ್ಲೇನು? ನಿಮ್ಮಜ್ಜ ಯಾರಿಗೆ ವೋಟ್ ಹಾಕ್ತಿದ್ದ ಅಂತ ಮರೆತೇನು?"

ಮರೆತಿರಲಿಲ್ಲ. ಆದರೆ ಟಿವಿಯಲ್ಲಿ ಹೇಳೋದಕ್ಕೆ ಹತ್ತು ಸೆಕೆಂಡ್ ಸಾಲಲ್ಲ. ಇವತ್ತು ಅರ್ಧ ಗಂಟೆ ಇದೆ, ಹೇಳ್ತೀನಿ.

ನಮ್ಮಜ್ಜ ದಾವಣಗೆರೆಯ ಒಂದು ಹತ್ತಿ ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿ ಕೆಲಸಕ್ಕಿದ್ದ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಈ ಊರಿಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ ಇಲ್ಲಿ ಮಿಲ್ಲುಗಳು ಎದ್ದಿದ್ದವು. ದಾವಣಗೆರೆ ಕಾಟನ್ ಮಿಲ್, ಶಂಕರ್ ಟೆಕ್ಸ್‌ಟೈಲ್ಸ್, ಯಲ್ಲಮ್ಮ ಕಾಟನ್ ಮಿಲ್, ಹೀಗೆ ಒಂದರ ಹಿಂದೆ ಒಂದು. ಸುತ್ತಲಿನ ಕರಿ ಮಣ್ಣಿನ ಹತ್ತಿ, ಊರಿನ ನಡುವೆ ಹಾದು ಹೋಗುವ ರೈಲು, ದಲಾಲಿ ಅಂಗಡಿಗಳಲ್ಲಿ ಸೇರಿದ ಬಂಡವಾಳ: ಮೂರೂ ಕೂಡಿದ್ದಕ್ಕೆ ಮಿಲ್ಲು ಬಂತು. ಪಾಳಿ ಬದಲಾಗುವಾಗ ಸೈರನ್ ಕೂಗಿದರೆ ಆ ಸದ್ದಿಗೇ ಊರಿನವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ.

ಮಿಲ್ಲು ಅಂದರೆ ಒಂದೇ ಗೇಟಿನಲ್ಲಿ ಒಂದೇ ಹೊತ್ತಿಗೆ ನೂರಾರು ಜನ ಒಳಗೆ ಹೋಗಿ ಹೊರಗೆ ಬರೋ ಜಾಗ. ಒಬ್ಬೊಬ್ಬರ ಜೇಬಿನಲ್ಲೂ ಏನೂ ಇಲ್ಲ, ಆದರೆ ಎಲ್ಲರೂ ಒಟ್ಟಿಗೆ ಕೈ ಕಟ್ಟಿ ನಿಂತರೆ ಯಂತ್ರ ನಿಲ್ಲುತ್ತೆ. ಯಂತ್ರ ನಿಂತರೆ ಮಾಲೀಕ ಮಾತಿಗೆ ಬರಲೇಬೇಕು. ಬಡವನ ಹತ್ತಿರ ಇರುವ ಒಂದೇ ಬಂಡವಾಳ ಅಂದರೆ ಈ ಒಟ್ಟು ಸಂಖ್ಯೆ. ಈ ಊರಿನಲ್ಲಿ ಆ ಬಂಡವಾಳ ನಿಜವಾಗಿಯೂ ವಿಧಾನಸೌಧದವರೆಗೆ ಹೋಗಿತ್ತು. 1978, 1983, 1985. ಮೂರು ಚುನಾವಣೆಯಲ್ಲಿ ದಾವಣಗೆರೆಯಿಂದ ಗೆದ್ದದ್ದು ಸಿಪಿಐನ ಕಾರ್ಮಿಕ ಮುಖಂಡ ಪಂಪಾಪತಿ. ದೇವರಾಜ ಅರಸರ ಗಾಳಿಯಲ್ಲೂ ಅವರೇ, ರಾಮಕೃಷ್ಣ ಹೆಗಡೆಯವರ ಗಾಳಿಯಲ್ಲೂ ಅವರೇ. ನಮ್ಮಜ್ಜ ವೋಟ್ ಹಾಕ್ತಿದ್ದದ್ದು ಅವರಿಗೆ. ಇವತ್ತು ಪತ್ರಿಕೋದ್ಯಮದ ಹುಡುಗರಿಗೆ ನಾನು ಇದನ್ನು ಹೇಳಿದರೆ, "ಸರ್, ದಾವಣಗೆರೆಯಲ್ಲಾ?" ಅಂತ ಎರಡೆರಡು ಸಲ ಕೇಳ್ತಾರೆ.

ಆಮೇಲೆ ಏನಾಯ್ತು? ಮಿಲ್ಲುಗಳು ಬಿದ್ದವು. ಯಂತ್ರ ಹಳೆಯದಾಗಿತ್ತು. ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಬಂತು. 1985ರ ಜವಳಿ ನೀತಿ ಕೂಡ ಮಿಲ್ಲುಗಳನ್ನು ಕಾಪಾಡುವ ಮನಸ್ಸು ಮಾಡಲಿಲ್ಲ. ಮುಂಬೈಯಲ್ಲಿ 1982ರ ದೊಡ್ಡ ಮುಷ್ಕರದ ನಂತರ ನಡೆದದ್ದೇ ಸಣ್ಣ ಪ್ರಮಾಣದಲ್ಲಿ ಇಲ್ಲೂ ನಡೆಯಿತು. ಒಂದೊಂದಾಗಿ ಸೈರನ್ ನಿಂತವು. ಅಜ್ಜನ ಮಿಲ್ಲಿನ ಹೆಸರು ಹೇಳಲ್ಲ. ಕೊನೆಯ ಕೆಲವು ತಿಂಗಳ ಪಗಾರ ಬರಲೇ ಇಲ್ಲ ಅಂತ ಮಾತ್ರ ಗೊತ್ತು. ಅಜ್ಜ ಆಮೇಲೆ ಸ್ವಲ್ಪ ದಿನ ಎಪಿಎಂಸಿಯಲ್ಲಿ ಹಮಾಲಿ ಲೆಕ್ಕ ಬರೆದ. ಅವನ ಜೊತೆಯವರಲ್ಲಿ ಕೆಲವರು ಮಂಡಕ್ಕಿ ಭಟ್ಟಿಗೆ ಹೋದರು, ಕೆಲವರು ತಳ್ಳುಗಾಡಿ ಇಟ್ಟರು, ಕೆಲವರು ಬೆಂಗಳೂರು ಬಸ್ ಹತ್ತಿದರು.

ಒಂದು ವಿಷಯ ಗಮನಿಸಿ. ಮಿಲ್ಲು ಮುಚ್ಚಿದಾಗ ಮಾಲೀಕರ ದುಡ್ಡು ಪೂರ್ತಿ ಸಾಯಲಿಲ್ಲ, ಅದಕ್ಕೆ ಬೇರೆ ದಾರಿ ಗೊತ್ತಿತ್ತು. ಜಾಗಕ್ಕೆ ಬೆಲೆ ಬಂತು, ಕೆಲವರ ಬಂಡವಾಳ ಇನ್ನೊಂದು ವ್ಯಾಪಾರಕ್ಕೆ ಹೋಯಿತು. ಆದರೆ ಕಾರ್ಮಿಕರ ಬಂಡವಾಳ ಇತ್ತಲ್ಲ, ಆ ಒಟ್ಟು ಸಂಖ್ಯೆ, ಅದು ಗೇಟಿನ ಜೊತೆಗೇ ಮುಚ್ಚಿ ಹೋಯಿತು. ಮಂಡಕ್ಕಿ ಭಟ್ಟಿಯಲ್ಲಿ ಐದು ಜನ, ತಳ್ಳುಗಾಡಿಯಲ್ಲಿ ಒಬ್ಬ. ಅವರು ಯಾರ ಎದುರು ಕೈ ಕಟ್ಟಿ ನಿಲ್ಲಬೇಕು? 1994ರ ಚುನಾವಣೆಯಲ್ಲಿ ಇದೇ ಊರಿನಿಂದ ಶಾಮನೂರು ಶಿವಶಂಕರಪ್ಪನವರು ಶಾಸಕರಾದರು. ಅವರು ವರ್ತಕರು, ಶಿಕ್ಷಣ ಸಂಸ್ಥೆಗಳ ಆಡಳಿತ ನಡೆಸುವವರು, ಮುಂದೆ ಸಕ್ಕರೆ ಕಾರ್ಖಾನೆಯ ಒಡೆಯರು. ಒಂದೇ ಊರು, ಹದಿನಾರು ವರ್ಷಗಳ ಅಂತರ. ನಾನು ಅವರನ್ನು ದೂರುತ್ತಿಲ್ಲ. ಅವರು ಚುನಾವಣೆಗೆ ನಿಂತರು, ಜನ ವೋಟ್ ಹಾಕಿದರು. ಆದರೆ ಆ ವೋಟಿನ ಹಿಂದೆ ಊರಿನ ಆರ್ಥಿಕತೆಯೇ ಮಗ್ಗುಲು ಬದಲಿಸಿತ್ತು.

ಈಗ ನನ್ನ ಇಂಜಿನಿಯರಿಂಗ್ ಬುದ್ಧಿ ಸ್ವಲ್ಪ ತೋರಿಸ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಎರಡನೇ ಸೆಮಿಸ್ಟರ್‌ನಲ್ಲಿ ಟ್ರಾನ್ಸಿಸ್ಟರ್ ಬರುತ್ತೆ. ಅದಕ್ಕೆ ಮೂರು ಕಾಲು. ನಡುವಿನ ಕಾಲಿಗೆ ಬಹಳ ಸಣ್ಣ ಕರೆಂಟ್ ಕೊಟ್ಟರೆ ಸಾಕು, ಉಳಿದ ಎರಡು ಕಾಲುಗಳ ನಡುವೆ ಅದರ ನೂರು ಪಟ್ಟು ಕರೆಂಟ್ ಹರಿಯೋಕೆ ಶುರುವಾಗುತ್ತೆ. ಆ ದೊಡ್ಡ ಕರೆಂಟ್ ನೀವು ಕೊಟ್ಟದ್ದಲ್ಲ, ಅದು ಬ್ಯಾಟರಿಯದ್ದು. ನೀವು ಕೊಟ್ಟದ್ದು ಬಾಗಿಲು ತೆರೆಯೋ ಕರೆಂಟ್ ಮಾತ್ರ. ರಾಜಕೀಯಕ್ಕೆ ಹಾಕುವ ದುಡ್ಡು ಹೀಗೇ. ಕಾನೂನಿನ ಪ್ರಕಾರ ವಿಧಾನಸಭೆ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ನಿಜವಾದ ಖರ್ಚು ಎಷ್ಟು ಅಂತ ನನಗಿಂತ ನಿಮ್ಮ ಬೀದಿಯ ಬೂತ್ ಏಜೆಂಟ್ ಚೆನ್ನಾಗಿ ಹೇಳ್ತಾನೆ, ಬಿಡಿ. ಆ ಖರ್ಚಿನ ಆಚೆ ಬದಿಯಲ್ಲಿ ಇರೋದು ಏನು? 2024–25ರಲ್ಲಿ ಕರ್ನಾಟಕ ಸರ್ಕಾರದ ಬಜೆಟ್ 3 ಲಕ್ಷ 71 ಸಾವಿರ ಕೋಟಿ. ಆ ಬ್ಯಾಟರಿ ನಿಮ್ಮದು, ನನ್ನದು.

"ಚುನಾವಣೆಗೆ ಇಷ್ಟೊಂದು ಸುರೀತಾರಲ್ಲ, ಇವರಿಗೆ ಹುಚ್ಚಾ?" ಅಂತ ನಮ್ಮ ವೀಕ್ಷಕರು ಕೇಳ್ತಾರೆ. ಹುಚ್ಚಲ್ಲ, ಲೆಕ್ಕ. ಅಂದ ಮಾತ್ರಕ್ಕೆ ಎಲ್ಲರೂ ಖಜಾನೆ ದೋಚೋಕೆ ಬರ್ತಾರೆ ಅಂತ ಅಲ್ಲ. ಬಹಳ ಸಲ ದುಡ್ಡಿಗೆ ಕುರ್ಚಿ ಬೇಕಾಗೋದು ಇನ್ನಷ್ಟು ದುಡ್ಡಿಗಲ್ಲ, ಇರೋ ದುಡ್ಡಿನ ರಕ್ಷಣೆಗೆ.

ಸಕ್ಕರೆ ಕಾರ್ಖಾನೆಯನ್ನೇ ನೋಡಿ. ಕಬ್ಬಿಗೆ ಎಷ್ಟು ಬೆಲೆ ಕೊಡಬೇಕು ಅಂತ ಕೇಂದ್ರ ಸರ್ಕಾರ ಹೇಳುತ್ತೆ, ಅದಕ್ಕೆ ಎಫ್‌ಆರ್‌ಪಿ ಅಂತಾರೆ. ಕಬ್ಬು ತಂದ 14 ದಿನದೊಳಗೆ ರೈತನಿಗೆ ದುಡ್ಡು ಕೊಡಬೇಕು, ಇಲ್ಲದಿದ್ದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಅಂತ ನಿಯಮ ಇದೆ. ಒಂದು ಕಾರ್ಖಾನೆಯಿಂದ 15 ಕಿಲೋಮೀಟರ್ ಒಳಗೆ ಇನ್ನೊಂದು ಬರಬಾರದು, ಇದು 2006ರ ತಿದ್ದುಪಡಿ. ಅಂದರೆ ಪೈಪೋಟಿ ಎಷ್ಟಿರಬೇಕು ಅನ್ನೋದೂ ಸರ್ಕಾರದ ಕೈಯಲ್ಲಿ. ಇನ್ನು ಎಥೆನಾಲ್ ದರ, ಸಕ್ಕರೆ ರಫ್ತು, ವಿದ್ಯುತ್ ಖರೀದಿ, ಎಲ್ಲದಕ್ಕೂ ಒಂದೊಂದು ಕಡತ. ರೈತನಿಗೆ ಬಾಕಿ ಉಳಿದರೆ ಜಿಲ್ಲಾಧಿಕಾರಿ ನೋಟಿಸ್ ಕೊಡಬಹುದು, ಕೊಡದೇನೂ ಇರಬಹುದು. ಇಂಥ ವ್ಯಾಪಾರದಲ್ಲಿರೋನಿಗೆ ರಾಜಕೀಯ ಹವ್ಯಾಸ ಅಲ್ಲ, ಅದು ಕಾರ್ಖಾನೆಯ ಇನ್ನೊಂದು ವಿಭಾಗ. ದಾವಣಗೆರೆ ಶುಗರ್ ಶಾಮನೂರು ಕುಟುಂಬದ್ದು, ಅವರು ಕಾಂಗ್ರೆಸ್. ಬಾಗಲಕೋಟೆ ಕಡೆ ನಿರಾಣಿ ಶುಗರ್ಸ್ ಮುರುಗೇಶ ನಿರಾಣಿ ಕುಟುಂಬದ್ದು, ಅವರು ಬಿಜೆಪಿ. ಪಕ್ಷ ಬೇರೆ, ಕಡತ ಹೋಗುವ ಟೇಬಲ್ ಒಂದೇ.

ಶಿಕ್ಷಣವೂ ಹಾಗೇ. ಇದರಲ್ಲಿ ನಮ್ಮೂರಿನ ಕಥೆ ಸ್ವಲ್ಪ ಬೇರೆ, ಸ್ವಲ್ಪ ಉದ್ದ. ಹಳೇ ದಾವಣಗೆರೆಯ ಶ್ರೀಮಂತರಿಗೆ ದಾನ ಕೊಡೋದು ಮರ್ಯಾದೆಯ ವಿಷಯ ಆಗಿತ್ತು. ಜಿಲ್ಲಾ ಆಸ್ಪತ್ರೆಗೆ ಚಿಗಟೇರಿ ಅಂತ ದಾನಿಗಳ ಹೆಸರು. 1951ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜಿನ ಬಿಡಿಟಿ ಅನ್ನೋ ಮೂರಕ್ಷರದಲ್ಲಿ ತವನಪ್ಪನವರ ಮನೆತನ ಇದೆ. ರಾಜನಹಳ್ಳಿ ಮನೆತನದ ಹೆಸರು ಇನ್ನೆರಡು ಕಾಲೇಜಿನ ಮೇಲಿದೆ. ಈ ತಲೆಮಾರು ದುಡ್ಡು ಕೊಟ್ಟಿತು, ಹೆಸರು ಪಡೆಯಿತು, ಆದರೆ ಕಟ್ಟಡದ ಬೀಗದ ಕೈ ಬಹುತೇಕ ಸರ್ಕಾರಕ್ಕೆ ಬಿಟ್ಟಿತು. ಆಮೇಲಿನ ಕಾಲದ ಮಾದರಿ ಬೇರೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಒಂದು ಹೈಸ್ಕೂಲಿನಿಂದ ಆರಂಭವಾಯಿತು. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಿಐಇಟಿ ಮತ್ತು ಡೆಂಟಲ್ ಕಾಲೇಜು. ಎದುರಾಳಿ ಮನೆತನವೂ ಹಿಂದೆ ಬೀಳಲಿಲ್ಲ. ಜಿ. ಮಲ್ಲಿಕಾರ್ಜುನಪ್ಪನವರ ಹೆಸರಿನ ಜಿಎಂಐಟಿ 2001ರಲ್ಲಿ ಬಂತು. ಇಲ್ಲಿ ಬೀಗದ ಕೈ ಸಂಸ್ಥೆಯದ್ದೇ. ಸೀಟು, ನೌಕರಿ, ಬೆಡ್, ಗುತ್ತಿಗೆ, ಎಲ್ಲವೂ ಒಂದೇ ಗೊಂಚಲಲ್ಲಿ. ಮಿಲ್ಲಿನ ಊರು ವಿದ್ಯೆಯ ಊರಾಯಿತು. ನಮ್ಮ ಬಡಾವಣೆಗೆ ವಿದ್ಯಾನಗರ ಅಂತ ಹೆಸರಿರೋದು ನನಗೆ ಚಿಕ್ಕಂದಿನಲ್ಲಿ ಸಹಜ ಅನ್ನಿಸ್ತಿತ್ತು. ಬೀದಿಗೊಂದು ಪಿಜಿ, ಮೂಲೆಗೊಂದು ಝೆರಾಕ್ಸ್ ಅಂಗಡಿ, ಬಿಳಿ ಕೋಟು ಹೆಗಲಿಗೆ ಹಾಕಿಕೊಂಡು ಬೆಣ್ಣೆ ದೋಸೆ ತಿನ್ನೋ ಹುಡುಗರು.

ಆ ಬಿಳಿ ಕೋಟಿನ ಬೆಲೆ ಎಷ್ಟು ಅನ್ನೋದನ್ನ ದೇಶಕ್ಕೆ ಮೊದಲು ಬಿಡಿಸಿ ಹೇಳಿದ್ದು ಕರ್ನಾಟಕದ್ದೇ ಒಂದು ಮೊಕದ್ದಮೆ. 1984ರಲ್ಲೇ ಕ್ಯಾಪಿಟೇಶನ್ ನಿಷೇಧಿಸಿ ನಮ್ಮ ರಾಜ್ಯ ಕಾನೂನು ಮಾಡಿತ್ತು. ಅದರ ಅಡಿಯಲ್ಲೇ ಬಂದ ಒಂದು ಸರ್ಕಾರಿ ಅಧಿಸೂಚನೆ ಹೇಗಿತ್ತು ನೋಡಿ: ಮೆಡಿಕಲ್ ಓದಲು ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಅದೇ ಕ್ಲಾಸಿನಲ್ಲಿ ಪಕ್ಕ ಕೂತ ಕರ್ನಾಟಕದ ಇನ್ನೊಬ್ಬನಿಗೆ 25,000, ಹೊರ ರಾಜ್ಯದವನಿಗೆ 60,000. ಮೀರತ್‌ನ ಒಬ್ಬ ವಿದ್ಯಾರ್ಥಿನಿ ತುಮಕೂರಿನ ಖಾಸಗಿ ಕಾಲೇಜಿಗೆ ಸೇರಲು ಬಂದು, ಇಷ್ಟು ದುಡ್ಡಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಮೋಹಿನಿ ಜೈನ್ ತೀರ್ಪು ಅದು. ಶಿಕ್ಷಣ ಹಕ್ಕು, ಮಾರಾಟದ ವಸ್ತು ಅಲ್ಲ ಅಂತ ಕೋರ್ಟ್ ಹೇಳಿತು. ಮರು ವರ್ಷ ಉಣ್ಣಿಕೃಷ್ಣನ್ ತೀರ್ಪು ಅದನ್ನು ಸ್ವಲ್ಪ ತಿದ್ದಿತು, ಖಾಸಗಿ ಕಾಲೇಜಿನ ಅರ್ಧ ಸೀಟು ಮೆರಿಟ್‌ಗೆ ಅಂತ ಮಾಡಿತು. ಅದರ ಬೆನ್ನಿಗೇ 1994ರಲ್ಲಿ ಸಿಇಟಿ. ಹನ್ನೆರಡು ವರ್ಷ ಆದ ಮೇಲೆ ಅದೇ ಸಿಇಟಿಯಲ್ಲಿ ರ‍್ಯಾಂಕ್ ಬಂದು ಇಂಜಿನಿಯರಿಂಗ್ ಸೇರಿದವನು ನಾನು, ಮಿಲ್ ಕಾರ್ಮಿಕನ ಮೊಮ್ಮಗ. ದುಡ್ಡು ಮತ್ತು ಅಧಿಕಾರದ ಗೋಡೆಯಲ್ಲಿ ಯಾರೋ ಒಂದು ಕಿಂಡಿ ಕೊರೆದರೆ ಅದರಲ್ಲಿ ಎಷ್ಟು ಜನ ತೂರಿಕೊಂಡು ಬರ್ತಾರೆ ಅನ್ನೋದಕ್ಕೆ ನಾನೇ ಸಾಕ್ಷಿ. ನನ್ನ ಪಕ್ಕದ ಬೆಂಚಿನವನು ಮ್ಯಾನೇಜ್‌ಮೆಂಟ್ ಸೀಟು. ಅವರಪ್ಪ ಎರಡು ಎಕರೆ ಅಡಿಕೆ ತೋಟ ಮಾರಿದ್ದರು. ನನಗಿಂತ ಚೆನ್ನಾಗಿ ಪ್ರೋಗ್ರಾಮ್ ಬರೀತಿದ್ದ, ಸಿಇಟಿ ದಿನ ಜ್ವರ ಬಂದಿತ್ತು, ಅಷ್ಟೇ.

ನಿಲ್ಲಿ, ಇಲ್ಲೊಂದು ಪ್ರಶ್ನೆ ಬರುತ್ತೆ. ದುಡ್ಡಿದ್ದವರೇ ಗೆಲ್ಲೋದಾದರೆ ಚುನಾವಣೆ ಯಾಕೆ? ಸರಿ, ನೋಡಿ. 1998ರಲ್ಲಿ ಲೋಕಸಭೆಗೆ ಗೆದ್ದ ಶಾಮನೂರು ಶಿವಶಂಕರಪ್ಪ 1999ರಲ್ಲಿ ಸೋತರು. ಅವರ ಮಗ ಎಸ್.ಎಸ್. ಮಲ್ಲಿಕಾರ್ಜುನ್ 2009ರಲ್ಲಿ ಜಿ.ಎಂ. ಸಿದ್ದೇಶ್ವರ ಅವರೆದುರು ಬರೀ 2,024 ಮತದಿಂದ ಸೋತರು. 2014ರಲ್ಲಿ ಮತ್ತೆ ಸೋತರು. ದುಡ್ಡು ಇದ್ದೂ ಸೋತರು, ಹೌದು. ಆದರೆ ಗೆದ್ದವರು ಯಾರು? ಇನ್ನೊಂದು ಅಡಿಕೆ ವ್ಯಾಪಾರದ, ಇನ್ನೊಂದು ಕಾಲೇಜಿನ ಮನೆತನದವರು. 1996ರಿಂದ 2024ರ ತನಕ ದಾವಣಗೆರೆಯ ಲೋಕಸಭಾ ಸೀಟು ಈ ಎರಡು ಮನೆಗಳನ್ನು ಬಿಟ್ಟು ಹೊರಗೆ ಹೋಗಿಲ್ಲ. ಗೆಲುವು ದುಡ್ಡಿನಿಂದಲೇ ಬರುತ್ತೆ ಅಂತ ಹೇಳೋಕಾಗಲ್ಲ. ದುಡ್ಡು ಇಲ್ಲದವನು ಪಂದ್ಯಕ್ಕೇ ಇಳಿಯದ ಹಾಗೆ ನೋಡಿಕೊಳ್ಳುತ್ತೆ. ಕ್ರಿಕೆಟ್ ಭಾಷೆಯಲ್ಲಿ ಹೇಳೋದಾದರೆ, ಮ್ಯಾಚ್ ಫಿಕ್ಸ್ ಆಗಿಲ್ಲ, ಟೀಮ್ ಆಯ್ಕೆ ಮಾತ್ರ ಆಗಿಹೋಗಿದೆ. 2024ರಲ್ಲಿ ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ ಗೆಲುವಿನ ಅಂತರಕ್ಕಿಂತ ಜಾಸ್ತಿ ಮತ ತಗೊಂಡರು. ಜನರಲ್ಲಿ ಮೂರನೇ ಬಾಗಿಲು ಹುಡುಕೋರು ಇದ್ದಾರೆ ಅನ್ನೋದು ಅದರಲ್ಲಿ ಕಾಣುತ್ತೆ. ಆದರೂ ಮೂರನೇ ಸ್ಥಾನ ಮೂರನೇದೇ.

ರಾಜ್ಯದ ಲೆಕ್ಕ ಬೇಕಾ? ಅಭ್ಯರ್ಥಿಗಳು ಆಸ್ತಿ ಘೋಷಣೆ ಮಾಡಬೇಕು ಅನ್ನೋದೂ ಸುಲಭಕ್ಕೆ ಬಂದಿದ್ದಲ್ಲ, ಎಡಿಆರ್ ಸಂಸ್ಥೆ ಕೋರ್ಟಿಗೆ ಹೋಗಿ 2002ರಲ್ಲಿ ತಂದ ತೀರ್ಪು. ಅದೇ ಸಂಸ್ಥೆ 2023ರಲ್ಲಿ ಗೆದ್ದ ನಮ್ಮ ಶಾಸಕರ ಅಫಿಡವಿಟ್‌ಗಳನ್ನು ಜೋಡಿಸಿ ನೋಡಿತು. ಶೇ 97 ಮಂದಿ ಕೋಟ್ಯಧಿಪತಿಗಳು. ಸರಾಸರಿ ಆಸ್ತಿ 64 ಕೋಟಿ, 2018ರಲ್ಲಿ ಇದ್ದದ್ದರ ಹತ್ತಿರತ್ತಿರ ಎರಡು ಪಟ್ಟು. ಅದೇ ಚುನಾವಣೆಯಲ್ಲಿ ನಮ್ಮೂರಿನ ದಕ್ಷಿಣದಲ್ಲಿ ತಂದೆ ಶಾಸಕರಾದರು, ಉತ್ತರದಲ್ಲಿ ಮಗ ಗೆದ್ದು ಮಂತ್ರಿಯಾದರು, ಮರು ವರ್ಷ ಸೊಸೆ ಸಂಸದೆ. ಒಂದೇ ಊಟದ ಮೇಜಿನ ಸುತ್ತ ವಿಧಾನಸಭೆ, ಸಂಪುಟ, ಲೋಕಸಭೆ.

ದುಡ್ಡು ಕುರ್ಚಿಗೆ ಹೋಗೋದು ಒಂದು ದಿಕ್ಕು. ಕುರ್ಚಿಯಿಂದ ದುಡ್ಡು ಹುಟ್ಟೋದು ಇನ್ನೊಂದು. ನಮ್ಮ ಪಕ್ಕದ ಬಳ್ಳಾರಿಯನ್ನು ನೀವು ನೋಡಿದ್ದೀರಿ, ಜಾಸ್ತಿ ಹೇಳಲ್ಲ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ ಅಕ್ರಮ ಗಣಿಗಾರಿಕೆಯಿಂದ ಖಜಾನೆಗೆ ಆದ ನಷ್ಟ 16 ಸಾವಿರ ಕೋಟಿಗೂ ಹೆಚ್ಚು ಅಂದಿತ್ತು. ಒಬ್ಬ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಅದು ಕಣ್ಣಿಗೆ ಕಾಣೋ ರೋಗ. ಕೆಂಪು ಧೂಳಿತ್ತು, ಲಾರಿ ಸಾಲಿತ್ತು, ಕ್ಯಾಮೆರಾಗೆ ಚೆನ್ನಾಗಿ ಸಿಗ್ತಿತ್ತು. ಕ್ಯಾಮೆರಾಗೆ ಸಿಗದ ಒಂದು ಕಥೆ ಹೇಳ್ತೀನಿ. ಅದಕ್ಕೆ ದಾವಣಗೆರೆಯಿಂದ 14 ಕಿಲೋಮೀಟರ್ ಹೋದರೆ ಸಾಕು.

ಹರಿಹರ. ನಮ್ಮಜ್ಜನ ಕಾಲಕ್ಕೆ ಹರಿಹರ ಅಂದರೆ ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ನಮ್ಮ ವರ್ಕ್‌ಶಾಪ್ ಲ್ಯಾಬ್‌ನಲ್ಲೂ ಇದ್ದವು. ಹೊಸ ಶತಮಾನ ಬರೋ ಹೊತ್ತಿಗೆ ಅದೂ ಮುಚ್ಚಿತು. ತುಂಗಭದ್ರೆಯ ಆಚೆ ದಂಡೆ ಕುಮಾರಪಟ್ಟಣದಲ್ಲಿ 1970ರ ದಶಕದ ಆರಂಭದಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಬಂತು. ನೀಲಗಿರಿ ಮರವನ್ನು ತಿರುಳು ಮಾಡಿ, ಅದರಿಂದ ಕೃತಕ ನೂಲು ತೆಗೆಯುವ ಕೆಲಸ. ಕಾರ್ಖಾನೆಗೆ ಮರ ಬೇಕು, ಪ್ರತಿ ದಿನ, ಲಾರಿಗಟ್ಟಲೆ. ಮಾರುಕಟ್ಟೆಯಲ್ಲಿ ಕೊಳ್ಳಬಹುದಿತ್ತು. ಆದರೆ ಸರ್ಕಾರವೇ ಜೊತೆಗಿದ್ದರೆ?

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನೋ ಕಂಪನಿ ಹುಟ್ಟಿತು. ಶೇ 51 ಪಾಲು ಸರ್ಕಾರದ್ದು, 49 ಪಾಲು ಹರಿಹರ ಪಾಲಿಫೈಬರ್ಸ್‌ದು. ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಸಿ ಅಂಡ್ ಡಿ ಜಮೀನು, ಅಂದರೆ ಕಂದಾಯ ದಾಖಲೆಯಲ್ಲಿ ಪಾಳು ಅಂತ ಬರೆದಿದ್ದ ಭೂಮಿ, ನೀಲಗಿರಿ ಬೆಳೆಯೋಕೆ. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ ನೋಡಿ: ಪಾಳು ಭೂಮಿಗೆ ಹಸಿರು, ಕಾರ್ಖಾನೆಗೆ ಕಚ್ಚಾ ಮಾಲು, ಸರ್ಕಾರಕ್ಕೆ ಲಾಭ. ಒಂದೇ ತೊಂದರೆ, ಆ ಭೂಮಿ ಪಾಳು ಆಗಿರಲಿಲ್ಲ. ಅಲ್ಲಿ ಊರಿನ ದನ ಮೇಯುತ್ತಿದ್ದವು. ಹೆಂಗಸರು ಸೌದೆ ತರುತ್ತಿದ್ದರು. ಹುಲ್ಲು, ಸೊಪ್ಪು, ಹಣ್ಣು, ಗೊಬ್ಬರ, ಎಲ್ಲ ಅಲ್ಲಿಂದಲೇ. ಯಾರ ಹೆಸರಿಗೂ ಪಹಣಿ ಇರಲಿಲ್ಲ, ಅಷ್ಟೇ. ಬಡವರ ಆಸ್ತಿ ಬಹಳ ಸಲ ಇರೋದು ಹೀಗೇ, ಬಳಕೆಯಲ್ಲಿ ಇರುತ್ತೆ, ದಾಖಲೆಯಲ್ಲಿ ಇರಲ್ಲ. ದಾಖಲೆ ಬರೆಯೋ ಪೆನ್ನು ಅಧಿಕಾರದ ಕೈಯಲ್ಲಿ ಇರುತ್ತೆ. ಪೆನ್ನು "ಪಾಳು" ಅಂತ ಬರೆದರೆ ಪಾಳು. ಇಲ್ಲಿ ಲಂಚ ಬೇಕಿಲ್ಲ, ಗೂಂಡಾ ಬೇಕಿಲ್ಲ, ಒಂದು ಪದ ಸಾಕು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರು ಮತ್ತು ಹಳ್ಳಿಗರು ಇದರ ಎದುರು ನಿಂತರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ನಡೆಯಿತು. ಹೆಸರೇ ಎಷ್ಟು ಸರಳ! ಕಂಪನಿ ನೆಟ್ಟ ನೀಲಗಿರಿ ಸಸಿ ಕಿತ್ತುಕೊಳ್ಳಿ, ನಮಗೆ ಬೇಕಾದ ಗಿಡ ಹಚ್ಚಿಕೊಳ್ಳಿ. ಇನ್ನೊಂದು ಕಡೆ ಶಿವರಾಮ ಕಾರಂತರು, ಅವರಾಗಲೇ ಎಂಬತ್ತು ದಾಟಿದ್ದ ಅಜ್ಜ, ಮೊದಲ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಬೀದಿಯಲ್ಲಿ ಜನ, ಕೋರ್ಟಿನಲ್ಲಿ ಕಾಗದ, ಎರಡೂ ಜೊತೆಗೆ ನಡೆದವು. 1991ರಲ್ಲಿ ಆ ಕಂಪನಿಯನ್ನು ಸರ್ಕಾರ ಮುಚ್ಚಬೇಕಾಯಿತು.

ನಾನು ಕಾಲೇಜಿನಲ್ಲಿದ್ದಾಗ ನಾಲ್ಕು ವರ್ಷ ಹರಿಹರದ ಸೇತುವೆ ಮೇಲೆ ಎಷ್ಟು ಸಲ ಬೈಕ್ ಓಡಿಸಿದ್ದೀನೋ ಲೆಕ್ಕ ಇಲ್ಲ. ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಂದಾಗ "ಫ್ಯಾಕ್ಟರಿ ವಾಸನೆ" ಅಂತ ಮೂಗು ಮುಚ್ಚಿಕೊಂಡು ದಾಟಿದ್ದೇ ಹೊರತು, ಈ ಕಥೆ ಯಾರೂ ಹೇಳಿರಲಿಲ್ಲ. ಸಿಲಬಸ್‌ನಲ್ಲಿ ಇರಲಿಲ್ಲ. ಟಿವಿಯಲ್ಲೂ ಇರಲಿಲ್ಲ, ಈಗ ಟಿವಿಯಲ್ಲಿ ಇರೋನು ನಾನೇ.

ಅಧಿಕಾರ ಯಾವಾಗಲೂ ದುಡ್ಡಿನ ಜೇಬಿನಲ್ಲೇ ಇರುತ್ತೆ ಅನ್ನೋ ವಾದ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇದೇ ರಾಜ್ಯದಲ್ಲಿ 1974ರ ಭೂಸುಧಾರಣೆ ನಡೆದಿದೆ. ದೇವರಾಜ ಅರಸರ ಸರ್ಕಾರ ಗೇಣಿ ಪದ್ಧತಿಯನ್ನೇ ರದ್ದು ಮಾಡಿ, ಉಳುವವನಿಗೆ ಭೂಮಿ ಕೊಟ್ಟಿತು. ದೊಡ್ಡ ದೊಡ್ಡ ಮನೆಗಳು ಕೋರ್ಟ್ ಕಚೇರಿ ಅಲೆದವು. ಅಂದರೆ ಮನಸ್ಸು ಮಾಡಿದರೆ ಕುರ್ಚಿಗೆ ದುಡ್ಡನ್ನು ಕಚ್ಚೋ ಹಲ್ಲೂ ಇದೆ. ಆದರೆ 2020ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂತಾಯಿತು. ಹಲ್ಲು ಬಂದದ್ದು ಚಳವಳಿಗಳ ಒತ್ತಡದಲ್ಲಿ, ಉದುರಿದ್ದು ಎಲ್ಲರೂ ಕೋವಿಡ್ ಅಂತ ಮನೆಯಲ್ಲಿ ಕೂತಿದ್ದಾಗ.

ಕೋವಿಡ್ ಅಂದಾಗ ನೆನಪಾಯಿತು. 2021ರಲ್ಲಿ ಲಸಿಕೆ ಸಿಗದೆ ಜನ ಒದ್ದಾಡ್ತಿದ್ದಾಗ ಶಾಮನೂರು ಕುಟುಂಬ ಸ್ವಂತ ಖರ್ಚಿನಲ್ಲಿ ಲಸಿಕೆ ತರಿಸಿ ದಾವಣಗೆರೆ ಜನರಿಗೆ ಉಚಿತವಾಗಿ ಹಾಕಿಸಿತು. ನಮ್ಮ ಬೀದಿಯವರೂ ಸಾಲಿನಲ್ಲಿ ನಿಂತು ಹಾಕಿಸಿಕೊಂಡರು. ಒಳ್ಳೇ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯೋಚನೆ ಮಾಡಿ, ಸರ್ಕಾರದ ಲಸಿಕೆ ಹಾಕಿಸಿಕೊಂಡವನಿಗೆ ಅದು ಹಕ್ಕು. ದಾನಿಯ ಲಸಿಕೆ ಹಾಕಿಸಿಕೊಂಡವನಿಗೆ ಅದು ಋಣ. ಔಷಧಿ ಒಂದೇ, ತೋಳು ಒಂದೇ, ಆದರೆ ಹಕ್ಕನ್ನು ಮರೆತುಬಿಡಬಹುದು, ಋಣ ಮರೆಯೋಕೆ ನಮ್ಮ ಜನಕ್ಕೆ ಬರಲ್ಲ. ಸರ್ಕಾರ ಎಲ್ಲಿ ಹಿಂದೆ ಸರಿಯುತ್ತೋ ಅಲ್ಲಿ ಋಣ ಬೆಳೆಯುತ್ತೆ. "ಅವರ ಆಸ್ಪತ್ರೆಯಾಗೆ ನಮ್ಮತ್ತೆ ಬದುಕಿದ್ಳು ಕಣಪಾ, ವೋಟ್ ಬ್ಯಾರೆಯವರಿಗೆ ಹೆಂಗ್ ಹಾಕಾದು?" ಅಂತ ನಮ್ಮ ಬೀದಿಯ ಒಬ್ಬ ದೊಡ್ಡಮ್ಮ ನನ್ನನ್ನೇ ಕೇಳಿದ್ದರು. ಮೈಕ್ ಕೈಯಲ್ಲಿತ್ತು. ಉತ್ತರ ಇರಲಿಲ್ಲ.

ಇನ್ನು ನನ್ನ ಕಡೆಗೆ ಬರ್ತೀನಿ, ಇಲ್ಲದಿದ್ದರೆ ನ್ಯಾಯ ಅಲ್ಲ. 2018ರ ವಿಧಾನಸಭೆ ಚುನಾವಣೆಗೆ ಮೊದಲು ನಾನು ಬೇರೊಂದು ಚಾನೆಲ್‌ನಲ್ಲಿದ್ದೆ. ಬೇರೊಂದು ಜಿಲ್ಲೆಯ ಒಂದು ಕಾಲೇಜಿನ ಫೀಸಿನ ಬಗ್ಗೆ 12 ನಿಮಿಷದ ವರದಿ ಮಾಡಿದ್ದೆ. ಕಾಲೇಜು ಒಬ್ಬ ಅಭ್ಯರ್ಥಿಯ ಕುಟುಂಬದ್ದು. ತಂದೆ ತಾಯಿಗಳು ಮುಖ ಮುಚ್ಚಿಕೊಂಡು ಮಾತಾಡಿದ್ದರು, ರಶೀದಿ ತೋರಿಸಿದ್ದರು. ಪ್ರಸಾರದ ಹಿಂದಿನ ದಿನ ಜಾಹೀರಾತು ವಿಭಾಗದ ಹುಡುಗ ಕ್ಯಾಂಟೀನ್‌ನಲ್ಲಿ ಸಿಕ್ಕಿ, ಅದೇ ಅಭ್ಯರ್ಥಿಯ ಪ್ರಚಾರದ ಬುಕಿಂಗ್ ನಮ್ಮ ಚಾನೆಲ್‌ಗೆ ಬಂದಿದೆ ಅಂತ ಖುಷಿಯಿಂದ ಹೇಳಿದ. ಅಷ್ಟೇ. ಯಾರೂ ನನಗೆ ಫೋನ್ ಮಾಡಲಿಲ್ಲ. ಸಂಪಾದಕರು ಕರೆಯಲಿಲ್ಲ, ಮಾಲೀಕರಿಗೆ ಬಹುಶಃ ಗೊತ್ತೂ ಇರಲಿಲ್ಲ. ನಾನೇ ಎಡಿಟಿಂಗ್ ರೂಮಿಗೆ ಹೋಗಿ 12 ನಿಮಿಷವನ್ನು 90 ಸೆಕೆಂಡ್ ಮಾಡಿದೆ, ಕಾಲೇಜಿನ ಹೆಸರು ತೆಗೆದೆ. "ಟೈಟ್ ಆಗಿದೆ" ಅಂತ ನನಗೆ ನಾನೇ ಹೇಳಿಕೊಂಡೆ.

ದುಡ್ಡು ಮತ್ತು ಅಧಿಕಾರದ ಸಂಬಂಧ ಅಂದರೆ ಸೂಟ್‌ಕೇಸ್ ಕೈ ಬದಲಾಯಿಸೋ ದೃಶ್ಯ ಅಂತ ಸಿನಿಮಾದವರು ನಮಗೆ ಕಲಿಸಿದ್ದಾರೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿದಾಗ, ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಅಂತ ಪಟ್ಟಿ ಬಂತು, ನಾವೆಲ್ಲ ಮೂರು ದಿನ ಕೂಗಾಡಿದೆವು. ಸರಿಯಾಗೇ ಕೂಗಾಡಿದೆವು. ಆದರೆ ನನ್ನ ಆ ಹತ್ತೂವರೆ ನಿಮಿಷ ಯಾವ ಪಟ್ಟಿಯಲ್ಲೂ ಬರಲ್ಲ. ಆ ತಂದೆ ತಾಯಿಗಳಲ್ಲಿ ಒಬ್ಬರು ಪ್ರಸಾರ ಆದ ಮೇಲೆ ಮೆಸೇಜ್ ಮಾಡಿದ್ದರು, "ಸರ್, ಉಳಿದದ್ದು ನಾಳೆ ಬರುತ್ತಾ?" ಅಂತ. ನಾನು ಉತ್ತರ ಕೊಡಲಿಲ್ಲ.

ಅಮ್ಮನಿಗೆ ಇದನ್ನೆಲ್ಲ ಆ ರಾತ್ರಿ ಹೇಳಲಿಲ್ಲ. ಅಜ್ಜ ಯಾರಿಗೆ ವೋಟ್ ಹಾಕ್ತಿದ್ದ ಅಂತ ನೆನಪಿದೆ ಅಂದೆ. ಅಜ್ಜನ ಟ್ರಂಕಿನಲ್ಲಿ ಯೂನಿಯನ್ನಿನ ಚಂದಾ ಪುಸ್ತಕ ಇನ್ನೂ ಇದೆಯಂತೆ, ಗೆದ್ದಲು ಹತ್ತಿದೆಯಂತೆ, ಬಿಸಾಡಲಾ ಅಂತ ಕೇಳಿದರು. ಬೇಡ ಇಟ್ಟಿರು, ಬರ್ತೀನಿ ಅಂದೆ. ಫೋನ್ ಇಡೋ ಮುಂಚೆ ಇನ್ನೊಂದು ವಿಷಯ ಹೇಳಿದರು. ಚಿಕ್ಕಪ್ಪನ ಮಗಳಿಗೆ ಸಿಇಟಿಯಲ್ಲಿ ರ‍್ಯಾಂಕ್ ಸರಿಯಾಗಿ ಬಂದಿಲ್ಲ. "ನಿನಗೆ ದೊಡ್ಡ ದೊಡ್ಡವರೆಲ್ಲ ಪರಿಚಯ ಅಲ್ವೇನೋ, ಒಂದು ಮಾತು ಹೇಳಿದ್ರೆ ಮ್ಯಾನೇಜ್‌ಮೆಂಟ್ ಸೀಟಿನಾಗೆ ಸ್ವಲ್ಪ ಕಮ್ಮಿ ಮಾಡ್ತಾರಂತೆ. ಚಿಕ್ಕಪ್ಪ ನಾಳೆ ನಿನಗೆ ಫೋನ್ ಮಾಡ್ತಾರೆ."

ಚಿಕ್ಕಪ್ಪ ಮಾಡಿದರು. "ನೋಡ್ತೀನಿ ಚಿಕ್ಕಪ್ಪ" ಅಂದಿದ್ದೀನಿ. ಯಾರಿಗೆ ಹೇಳಬೇಕು ಅನ್ನೋದು ನನಗೆ ಗೊತ್ತಿದೆ, ನಂಬರ್ ನನ್ನ ಮೊಬೈಲ್‌ನಲ್ಲೇ ಇದೆ. ಕೌನ್ಸೆಲಿಂಗ್‌ಗೆ ಇನ್ನೂ ಕೆಲವು ದಿನ ಇದೆ.